ನಾಲ್ಕು ದಿನ, ಐದು ಜನ, ಒಂದು ಕಾರು: ಮೊದಲು ಕಿಲೋಮೀಟರ್ ಕಡಿಮೆ ಮಾಡಿ

ಪ್ರಶ್ನೆ: ನಾವು ಐದು ಜನ ಗೆಳೆಯರು. ಕಾಲೇಜು ಮುಗಿದ ಮೇಲೆ ಮೊದಲ ಸಲ ಎಲ್ಲರಿಗೂ ಒಟ್ಟಿಗೆ ನಾಲ್ಕು ದಿನ ರಜೆ ಸಿಕ್ಕಿದೆ. ಒಬ್ಬನ ಹತ್ತಿರ ಕಾರಿದೆ, ಇಬ್ಬರಿಗೆ ಚೆನ್ನಾಗಿ ಓಡಿಸಲು ಬರುತ್ತದೆ. ಬೆಟ್ಟ, ನದಿ, ಸಮುದ್ರ ಎಲ್ಲ ನೋಡಿಕೊಂಡು ಸುಮಾರು 1,600 ಕಿಲೋಮೀಟರ್ ಸುತ್ತಿ ಬರುವ ಪ್ಲಾನ್ ಹಾಕಿದ್ದೇವೆ. ನಮ್ಮಲ್ಲಿ ಇಬ್ಬರ ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ರೂಮಿನ ಖರ್ಚು ಉಳಿಸಲು ಮೊದಲ ರಾತ್ರಿ ಪೂರ್ತಿ ಗಾಡಿ ಓಡಿಸೋಣ ಅಂದುಕೊಂಡಿದ್ದೇವೆ. ಚೆಂದದ ದಾರಿ ಹುಡುಕುವುದು ಹೇಗೆ? ಖರ್ಚು ಎಲ್ಲಿ ಕಡಿಮೆ ಮಾಡಬಹುದು? ದುಡ್ಡಿನ ವಿಷಯಕ್ಕೆ ಮನಸ್ತಾಪ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗೆ ನನ್ನ ಮೊದಲ ಉತ್ತರ ಒಂದೇ. ಆ 1,600 ಕಿಲೋಮೀಟರನ್ನು ಅರ್ಧ ಮಾಡಿ. ಬೇಸರ ಮಾಡ್ಕೋಬೇಡಿ, ಯಾಕೆ ಅಂತ ಹೇಳುತ್ತೇನೆ. ಹಲವು ವರ್ಷಗಳಿಂದ ಗೆಳೆಯರ ಗುಂಪುಗಳಿಗೆ ದಾರಿ ಹಾಕಿಕೊಡುತ್ತಾ, ಅವರ ಜೊತೆ ಓಡಾಡುತ್ತಾ ಬಂದಿದ್ದೇನೆ. ಕೆಟ್ಟುಹೋದ ಟ್ರಿಪ್‌ಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ದುಡ್ಡು ಸಾಲದೆ ಅಲ್ಲ, ಜಾಗ ಚೆನ್ನಾಗಿಲ್ಲದೆಯೂ ಅಲ್ಲ. ದಿನಕ್ಕೆ ಓಡಿಸಬೇಕಾದ ದೂರ ಮೈಮೇಲೆ ಬಂದು ಕೆಟ್ಟಿವೆ.

ಲೆಕ್ಕ ನೋಡಿ. ನಾಲ್ಕು ದಿನಕ್ಕೆ 1,600 ಅಂದರೆ ದಿನಕ್ಕೆ 400. ಹೆದ್ದಾರಿಯಲ್ಲಿ ಇದು ದೊಡ್ಡ ದೂರ ಅಲ್ಲ. ಆದರೆ ನೀವು ಕೇಳುತ್ತಿರುವುದು ನೋಡಲು ಚೆಂದ ಇರುವ ದಾರಿ. ಅಂಥ ದಾರಿ ಸಾಮಾನ್ಯವಾಗಿ ಕಿರಿದು, ತಿರುವು ಜಾಸ್ತಿ, ನಡುವೆ ಹಳ್ಳಿಗಳು ಬರುತ್ತವೆ. ಘಟ್ಟದಲ್ಲಿ ಸರಾಸರಿ ಗಂಟೆಗೆ 30, 35 ಕಿಲೋಮೀಟರ್ ಬಂದರೆ ಅದೇ ದೊಡ್ಡದು. ಆ ವೇಗದಲ್ಲಿ 400 ಕಿಲೋಮೀಟರ್‌ಗೆ 11 ಗಂಟೆಗಿಂತ ಜಾಸ್ತಿ ಬೇಕು, ಅದೂ ಎಲ್ಲೂ ನಿಲ್ಲಿಸದೆ. ಹಗಲೇ ಇರುವುದು ಹೆಚ್ಚುಕಡಿಮೆ 12 ಗಂಟೆ. ಇನ್ನು ನೋಡುವುದು ಯಾವಾಗ?

ಮೊಬೈಲ್ ಮ್ಯಾಪ್ ತೋರಿಸುವ ಸಮಯವನ್ನು ಹಾಗೇ ನಂಬಿ ಪ್ಲಾನ್ ಹಾಕಬೇಡಿ. ಅದು ಗಾಡಿ ಓಡುವ ಸಮಯ ಅಷ್ಟೇ. ಐದು ಜನ ಇರುವ ಕಾರು ಓಡುವ ರೀತಿ ಬೇರೆ. ಒಬ್ಬರಿಗೆ ಬಾತ್‌ರೂಮ್, ಇನ್ನೊಬ್ಬರಿಗೆ ಚಹಾ, ಮತ್ತೊಬ್ಬರು ಫೋಟೋ ತೆಗೆಯಬೇಕು ಅಂತಾರೆ, ಇಳಿದರೆ ಎಲ್ಲರೂ ಇಳಿಯುತ್ತಾರೆ, ಹತ್ತು ನಿಮಿಷ ಅಂದಿದ್ದು ಅರ್ಧ ಗಂಟೆ ಆಗುತ್ತದೆ. ಇದು ತಪ್ಪಲ್ಲ, ಹೋಗುವುದೇ ಇದಕ್ಕೆ ಅಲ್ವಾ? ಹಾಗಾಗಿ ನಾನು ಮ್ಯಾಪ್ ಹೇಳಿದ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿಯೇ ಲೆಕ್ಕ ಹಾಕುತ್ತೇನೆ. ಆರು ಗಂಟೆ ಅಂತ ಬಂದರೆ ಎಂಟು ಅಂತ ಬರೆದುಕೊಳ್ಳುತ್ತೇನೆ. ದೂರವನ್ನು ಕಿಲೋಮೀಟರ್‌ನಲ್ಲಿ ಅಳೆಯುವುದನ್ನೇ ಬಿಟ್ಟುಬಿಡಿ, ಸ್ಟೇರಿಂಗ್ ಹಿಡಿಯುವ ಗಂಟೆಗಳಲ್ಲಿ ಅಳೆಯಿರಿ. ದಿನಕ್ಕೆ ಐದು ಗಂಟೆ ಸಾಕು. ಹೋಗುವ ದಿನ, ಬರುವ ದಿನ ಹೆಚ್ಚೆಂದರೆ ಆರು.

ಇಂಧನದ ಖರ್ಚೂ ಇಲ್ಲೇ ಅರ್ಧ ಆಗುತ್ತದೆ. ನಿಮ್ಮ ಗಾಡಿ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 1,600 ಕಿಲೋಮೀಟರ್‌ಗೆ 100 ಲೀಟರ್, ಐದು ಜನಕ್ಕೆ ತಲೆಗೆ 20 ಲೀಟರ್. 800 ಮಾಡಿದರೆ ತಲೆಗೆ 10 ಲೀಟರ್. ಟೋಲ್ ಕೂಡ ಅದೇ ಪ್ರಕಾರ ಇಳಿಯುತ್ತದೆ. ಬೇರೆ ಯಾವ ಉಳಿತಾಯದ ಉಪಾಯವೂ ಇದರ ಹತ್ತಿರಕ್ಕೆ ಬರಲ್ಲ. ನಿಮ್ಮಲ್ಲಿ ಇಬ್ಬರಿಗೆ ದುಡ್ಡಿನ ಕಷ್ಟ ಇದೆ ಅಂದಿರಲ್ಲ, ಅವರು ಬಾಯಿ ಬಿಟ್ಟು ಕೇಳದೆಯೇ ಅವರ ಹೊರೆ ಇಳಿಸುವ ದಾರಿ ಇದು. ಒಂದು ಎಚ್ಚರಿಕೆ: ಐದು ಜನ, ಲಗೇಜು, ಏರು ದಾರಿ, ಏಸಿ ಎಲ್ಲ ಸೇರಿದರೆ ದಿನನಿತ್ಯದ ಮೈಲೇಜ್ ಸಿಗುವುದಿಲ್ಲ. ಐದನೇ ಒಂದು ಭಾಗ ಕಡಿಮೆ ಹಿಡಿದು ಲೆಕ್ಕ ಹಾಕಿ. ಉಳಿದರೆ ಒಳ್ಳೆಯದೇ.

ಈಗ ರಾತ್ರಿ ಓಡಿಸುವ ವಿಷಯ. ಇದನ್ನು ದಯವಿಟ್ಟು ಬಿಟ್ಟುಬಿಡಿ. ಸಲಹೆ ಅಂತ ಅಲ್ಲ, ಕೇಳಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಎದ್ದು, ಹಗಲೆಲ್ಲ ಕೆಲಸ ಮಾಡಿ, ರಾತ್ರಿ ಹೊರಟವರು ಹನ್ನೆರಡು ಗಂಟೆಗೆ 17 ಗಂಟೆ ಎಚ್ಚರ ಇದ್ದಂತಾಯಿತು. ಅಷ್ಟು ಹೊತ್ತು ನಿದ್ದೆ ಇಲ್ಲದವರ ಚುರುಕುತನವನ್ನು 1997ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಅದು ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಗಾಡಿ ಓಡಿಸಬಾರದು ಅನ್ನುವ ಗೆರೆ ಇರುವುದೇ ಆ ಅಂಕಿಯಲ್ಲಿ. ಅಂದರೆ ಒಂದು ಹನಿ ಕುಡಿಯದೆಯೂ ಕುಡಿದವರ ಹಾಗೆ ಓಡಿಸುತ್ತಿರುತ್ತೀರಿ. ಕಣ್ಣು ಮುಚ್ಚಿದ್ದೇ ಗೊತ್ತಾಗದ ಎರಡು ಮೂರು ಸೆಕೆಂಡಿನ ಜೋಂಪು ಬರುತ್ತದೆ. ಗಂಟೆಗೆ 80ರ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ 66 ಮೀಟರ್ ಮುಂದೆ ಹೋಗಿರುತ್ತದೆ, ಹಿಡಿಯುವವರು ಯಾರೂ ಇಲ್ಲದೆ.

ಮೈ ಒಳಗಿನ ಗಡಿಯಾರ ನಸುಕಿನ ಎರಡರಿಂದ ಆರರವರೆಗೆ ಮತ್ತು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆಗೆ ಎಳೆಯುತ್ತದೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು, ಇವೆಲ್ಲ ಐದು ಹತ್ತು ನಿಮಿಷದ ಮಾತು. ನಿಜವಾಗಿ ಕೆಲಸಕ್ಕೆ ಬರುವುದು ನಿದ್ದೆ ಒಂದೇ. ಮಧ್ಯಾಹ್ನ ತೂಕಡಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, ತಕ್ಷಣ 15, 20 ನಿಮಿಷ ಮಲಗಿ. ಕಾಫಿಯ ಪರಿಣಾಮ ಶುರುವಾಗಲು ಸುಮಾರು ಅಷ್ಟೇ ಹೊತ್ತು ಬೇಕು, ಎದ್ದಾಗ ಎರಡೂ ಒಟ್ಟಿಗೆ ಕೈ ಹಿಡಿಯುತ್ತವೆ. ಅದಕ್ಕಿಂತ ಜಾಸ್ತಿ ಹೊತ್ತು ಮಲಗಿದರೆ ಏಳುವಾಗ ತಲೆ ಭಾರ ಅನ್ನಿಸುತ್ತದೆ. ಇಬ್ಬರು ಡ್ರೈವರ್ ಇದ್ದೀರಲ್ಲ, ಎರಡು ಗಂಟೆಗೊಮ್ಮೆ ಬದಲಾಯಿಸಿಕೊಳ್ಳಿ, ಸುಸ್ತಾಗುವ ಮೊದಲೇ. ಮುಂದಿನ ಸೀಟಿನಲ್ಲಿ ಕೂತವರು ನಿದ್ದೆ ಮಾಡುವ ಹಾಗಿಲ್ಲ. ಮ್ಯಾಪ್ ನೋಡುವುದು, ಫೋನ್ ಎತ್ತುವುದು, ಟೋಲ್ ಕೊಡುವುದು, ಡ್ರೈವರ್ ಜೊತೆ ಮಾತಾಡುವುದು ಎಲ್ಲ ಅವರ ಕೆಲಸ. ಹಿಂದಿನ ಸೀಟಿನ ಮೂವರೂ ಬೆಲ್ಟ್ ಹಾಕಿರಬೇಕು. ಡಿಕ್ಕಿಯಾದಾಗ ಬೆಲ್ಟ್ ಇಲ್ಲದ ಹಿಂದಿನವರು ಮುಂದಿನವರ ಬೆನ್ನಿಗೆ ಅಪ್ಪಳಿಸುತ್ತಾರೆ, ಇಬ್ಬರೂ ಉಳಿಯುವುದು ಕಷ್ಟ.

ರಾತ್ರಿ ಹೊರಡುವ ಬದಲು ರಾತ್ರಿ ಬೇಗ ಮಲಗಿ ಬೆಳಗಿನ ಜಾವ ಐದಕ್ಕೆ ಹೊರಡಿ. ನಗರದ ಟ್ರಾಫಿಕ್ ಏಳುವ ಮೊದಲೇ ನೀವು ಊರ ಹೊರಗೆ ಇರುತ್ತೀರಿ. ಆ ರಾತ್ರಿ ನಿಮ್ಮ ನಿಮ್ಮ ಮನೆಯಲ್ಲೇ ಮಲಗಿರುತ್ತೀರಿ, ರೂಮಿನ ಖರ್ಚು ಹೇಗೂ ಇಲ್ಲ.

ದಾರಿ ಹುಡುಕುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ. ಹೆಚ್ಚಿನವರು ಮೊದಲು ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಅವುಗಳ ನಡುವೆ ಗೆರೆ ಎಳೆಯುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ದಾರಿ ಆರಿಸಿ, ಜಾಗಗಳು ಅದರ ಮೇಲೆ ತಾವಾಗೇ ಸಿಗುತ್ತವೆ. ಮ್ಯಾಪ್‌ನಲ್ಲಿ ಎತ್ತರ ತಗ್ಗು ತೋರಿಸುವ ನೋಟ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಎತ್ತರದ ಗೆರೆಗಳು ಒತ್ತೊತ್ತಾಗಿರುವ ಕಡೆ ಕಡಿದಾದ ಬೆಟ್ಟ ಇದೆ ಅಂತ ಅರ್ಥ. ಅಲ್ಲಿ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಹೋಗಿದ್ದರೆ ಒಂದಲ್ಲ ಒಂದು ತಿರುವಿನಲ್ಲಿ ಕೆಳಗಿನ ಕಣಿವೆ ಕಾಣಲೇಬೇಕು. ಆಮೇಲೆ ಉಪಗ್ರಹದ ಚಿತ್ರಕ್ಕೆ ಬದಲಾಯಿಸಿ ನೋಡಿ. ರಸ್ತೆಯ ಎರಡೂ ಕಡೆ ಗಾಢ ಹಸಿರು ಇದ್ದರೆ ದಟ್ಟ ಕಾಡು. ನೆರಳು ಚೆನ್ನಾಗಿರುತ್ತದೆ, ಆದರೆ ದೂರದ ನೋಟ ಸಿಗುವುದಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಬಯಲೋ ನೀರೋ ಇದ್ದರೆ ಅದೇ ನಿಮ್ಮ ದಾರಿ.

ನದಿ ಪಕ್ಕದ ರಸ್ತೆಗಳನ್ನು ಯಾವತ್ತೂ ಬಿಡಬೇಡಿ. ನದಿ ಬೆಟ್ಟವನ್ನು ಸಾವಿರಾರು ವರ್ಷ ಕೊರೆದು ತನಗೆ ಇಳಿಜಾರು ಮಾಡಿಕೊಂಡಿರುತ್ತದೆ. ಅದರ ಪಕ್ಕ ಹಾಕಿದ ರಸ್ತೆಗೂ ಅದೇ ಹಿತವಾದ ಇಳಿಜಾರು ಸಿಗುತ್ತದೆ. ಏರು ಕಡಿಮೆ, ಹಾಗಾಗಿ ಇಂಧನವೂ ಕಡಿಮೆ. ನದಿ ತಿರುಗಿದಲ್ಲೆಲ್ಲ ರಸ್ತೆಯೂ ತಿರುಗುತ್ತದೆ, ಪ್ರತಿ ತಿರುವಿಗೂ ನೋಟ ಬದಲಾಗುತ್ತದೆ. ದುಡ್ಡು ಕೊಡದೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಯಾವ ದಿಕ್ಕಿನಿಂದ ಹೋಗುತ್ತೀರಿ ಅನ್ನುವುದನ್ನು ಜನ ಯೋಚನೆಯೇ ಮಾಡುವುದಿಲ್ಲ. ಎಡಕ್ಕೆ ಗಾಡಿ ಓಡಿಸುವ ದೇಶದಲ್ಲಿ ನೀರು ನಿಮ್ಮ ಎಡಕ್ಕೆ ಬರುವ ಹಾಗೆ ಹೋಗಬೇಕು. ಆಗ ನಿಮ್ಮ ಲೇನ್ ನೀರಿನ ಪಕ್ಕದಲ್ಲೇ ಇರುತ್ತದೆ, ನಡುವೆ ಎದುರಿನ ಗಾಡಿಗಳು ಅಡ್ಡ ಬರುವುದಿಲ್ಲ, ಫೋಟೋ ತೆಗೆಯುವ ಜಾಗಕ್ಕೆ ರಸ್ತೆ ದಾಟದೆ ಸೀದಾ ಪಕ್ಕಕ್ಕೆ ಇಳಿಸಬಹುದು. ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್‌ನಲ್ಲಿ ಟಾರ್ಕಿಯಿಂದ ಶುರುಮಾಡಿ ಪಶ್ಚಿಮಕ್ಕೆ ಹೋದರೆ ಸಮುದ್ರ ಎಡಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಲಕ್ಕೆ ಓಡಿಸುತ್ತಾರೆ, ಹಾಗಾಗಿ ಅಲ್ಲಿನ ಕರಾವಳಿಯ ಹೈವೇ 1ರಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವುದು ಒಳ್ಳೆಯದು. ನೀವು ಸುತ್ತು ಹಾಕಿ ಬರುವವರಾದ್ದರಿಂದ ಎಡಕ್ಕೆ ಹೊರಟರೂ ಬಲಕ್ಕೆ ಹೊರಟರೂ ದೂರ ಅಷ್ಟೇ. ನೋಟ ಮಾತ್ರ ಪೂರ್ತಿ ಬೇರೆ.

ಸೂರ್ಯನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಹೋಗುವ ಹಾಗೆ ದಾರಿ ಹಾಕಿದರೆ ಬಿಸಿಲು ಸೀದಾ ಕಣ್ಣಿಗೆ ಹೊಡೆಯುತ್ತದೆ. ಡ್ರೈವರ್‌ಗೆ ಎದುರಿನದು ಕಾಣುವುದಿಲ್ಲ, ಉಳಿದವರಿಗೆ ಬೆಟ್ಟ ಬರೀ ಕಪ್ಪಗೆ ಕಾಣುತ್ತದೆ. ಬೆನ್ನ ಹಿಂದೆ ಬೆಳಕಿದ್ದರೆ ಅದೇ ಬೆಟ್ಟ ಬಣ್ಣ ಬಣ್ಣವಾಗಿ ಕಾಣುತ್ತದೆ. ಸಂಜೆ ಸೂರ್ಯ ಮುಳುಗಲು ಎಷ್ಟು ಹೊತ್ತಿದೆ ಅಂತ ತಿಳಿಯಲು ಕೈ ಉದ್ದಕ್ಕೆ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು, ಸೂರ್ಯನ ಕೆಳ ಅಂಚಿನಿಂದ ದಿಗಂತದವರೆಗೆ ಎಷ್ಟು ಬೆರಳು ಹಿಡಿಸುತ್ತದೆ ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ನಾಲ್ಕು ಬೆರಳಿದ್ದರೆ ಒಂದು ಗಂಟೆ. ಬೆಟ್ಟದ ದಾರಿಯಲ್ಲಿದ್ದು ಎರಡೇ ಬೆರಳು ಉಳಿದಿದ್ದರೆ ಇನ್ನು ಎಲ್ಲೂ ನಿಲ್ಲದೆ ತಂಗುವ ಜಾಗ ಸೇರಿಕೊಳ್ಳಿ.

ಒಂದು ಬೆಳಗಿನ ಮಾತು ಹೇಳಲೇಬೇಕು. ನಾವು ನಾಲ್ವರು ಒಂದು ಅಣೆಕಟ್ಟಿನ ಹಿನ್ನೀರಿನ ಪಕ್ಕ ಹೋಗುತ್ತಿದ್ದೆವು, ಆರೂವರೆ ಇರಬಹುದು. ಪ್ಲಾನ್‌ನಲ್ಲಿ ಅಲ್ಲಿ ನಿಲ್ಲುವುದು ಇರಲಿಲ್ಲ. ಒಂದು ತಿರುವಿನಲ್ಲಿ ನೀರಿನ ಮೇಲಿಂದ ಮಂಜು ಹಾಗೇ ಎದ್ದು ರಸ್ತೆಗೆ ಅಡ್ಡ ಬರುತ್ತಿತ್ತು. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಬಿಸಿ ಎಂಜಿನ್ ತಣ್ಣಗಾಗುವಾಗ ಟಿಕ್, ಟಿಕ್ ಅನ್ನುತ್ತದಲ್ಲ, ಅದೊಂದೇ ಸದ್ದು. ಹಿಂದೆ ಮಲಗಿದ್ದ ಗೆಳೆಯ ಗಾಡಿ ನಿಂತಿದ್ದಕ್ಕೆ ಎಚ್ಚರವಾಗಿ, ಕಂಬಳಿ ಹೊದ್ದುಕೊಂಡೇ ಇಳಿದು ಬಂದು ಬಾನೆಟ್ ಮೇಲೆ ಕೈ ಬೆಚ್ಚಗೆ ಮಾಡಿಕೊಂಡು ನಿಂತ. ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಮಂಜು ಕರಗಿ ನಡುವಿನ ಮುಳುಗಿದ ಮರಗಳ ತುದಿಗಳು ಒಂದೊಂದಾಗಿ ಕಾಣಿಸಿದವು. ಆ ಟ್ರಿಪ್‌ನಲ್ಲಿ ನೋಡಿದ ಹೆಸರಾಂತ ಜಾಗಗಳು ನನಗೆ ಅಷ್ಟಾಗಿ ನೆನಪಿಲ್ಲ. ಆ ದಿನ ನಮ್ಮ ಲೆಕ್ಕದಲ್ಲಿ ಬರೀ 150 ಕಿಲೋಮೀಟರ್ ಇತ್ತು, ಅದಕ್ಕೇ ಮುಕ್ಕಾಲು ಗಂಟೆ ನಿಲ್ಲಲು ಆಯಿತು. 400 ಇದ್ದಿದ್ದರೆ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಿದ್ದೆವು.

ನೋಡಲೆಂದೇ ರಸ್ತೆ ಕಟ್ಟಿದವರಿಗೂ ಇದು ಗೊತ್ತಿತ್ತು. ಅಮೆರಿಕದ ಬ್ಲೂ ರಿಡ್ಜ್ ಪಾರ್ಕ್‌ವೇ ಸುಮಾರು 755 ಕಿಲೋಮೀಟರ್ ಉದ್ದ ಬೆಟ್ಟದ ನೆತ್ತಿಯ ಮೇಲೆ ಸಾಗುತ್ತದೆ. ಅಲ್ಲಿ ವೇಗದ ಮಿತಿ ಹೆಚ್ಚಿನ ಕಡೆ ಗಂಟೆಗೆ 72 ಕಿಲೋಮೀಟರ್ ಮಾತ್ರ, ಸರಕು ಲಾರಿಗಳನ್ನು ಬಿಡುವುದಿಲ್ಲ. ನಾರ್ವೆ ದೇಶ ತನ್ನ 18 ರಸ್ತೆಗಳನ್ನು ಆರಿಸಿ, ನಿಂತು ನೋಡಲು ಕಟ್ಟೆ, ಕಾಲುದಾರಿ, ನೋಟದ ಅಟ್ಟಣೆ ಎಲ್ಲ ಕಟ್ಟಿಸಿದೆ.

ಇನ್ನೊಂದು ಸಣ್ಣ ವಿಷಯ. ಮ್ಯಾಪ್ ಆ್ಯಪ್‌ಗಳು ಯಾವಾಗಲೂ ಬೇಗ ತಲುಪುವ ದಾರಿಗೇ ಎಳೆಯುತ್ತವೆ. ನೀವು ಆರಿಸಿದ ಸಣ್ಣ ರಸ್ತೆಯ ಮೇಲೆ ಎರಡು ಮೂರು ಕಡೆ ನಡುವಿನ ನಿಲ್ದಾಣ ಅಂತ ಗುರುತು ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮಗೆ ಗೊತ್ತಿಲ್ಲದೆ ಹೆದ್ದಾರಿಗೆ ಹತ್ತಿಸಿಬಿಡುತ್ತದೆ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಬೆಟ್ಟದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ತೀರಾ ಸಣ್ಣ ರಸ್ತೆ ಆದರೆ ಅಲ್ಲಿಯವರನ್ನು ಕೇಳದೆ ಹೋಗಬೇಡಿ. ಸೇತುವೆ ಮುರಿದಿರಬಹುದು, ಕಾಡಿನ ಗೇಟ್ ರಾತ್ರಿ ಮುಚ್ಚಬಹುದು.

ತಂಗುವ ವಿಷಯಕ್ಕೆ ಬರೋಣ. ಮೂರು ರಾತ್ರಿ ಇದೆ. ಮೂರು ರಾತ್ರಿ ಮೂರು ಊರು ಬೇಡ. ಮೊದಲ ರಾತ್ರಿ ಒಂದು ಕಡೆ, ಉಳಿದ ಎರಡು ರಾತ್ರಿ ಇನ್ನೊಂದು ಕಡೆ ಇರಿ. ದಿನಾ ಬ್ಯಾಗ್ ಕಟ್ಟಿ, ರೂಮ್ ಖಾಲಿ ಮಾಡಿ, ಹೊಸ ರೂಮ್ ಹುಡುಕುವುದಕ್ಕೆ ಎರಡು ಮೂರು ಗಂಟೆ ಹೋಗುತ್ತದೆ. ಒಂದೇ ಕಡೆ ಎರಡು ರಾತ್ರಿ ಇದ್ದರೆ ದರದಲ್ಲೂ ಸ್ವಲ್ಪ ಮಾತಾಡಬಹುದು. ಹೆಸರಾದ ಜಾಗದ ಬಾಯಿಗೇ ಹೋಗಿ ತಂಗಬೇಡಿ. 15, 20 ಕಿಲೋಮೀಟರ್ ಈಚೆ ಇರಿ. ಗಾಡಿ ನಿಮ್ಮದೇ ಇದೆ, ಬೆಳಿಗ್ಗೆ ಬೇಗ ಹೋದರಾಯಿತು. ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿ. ಎರಡು ರೂಮಿನ ಬದಲು ಅಡುಗೆಮನೆ ಇರುವ ಒಂದು ಮನೆ ಸಿಕ್ಕಿದರೆ ಐದು ಜನಕ್ಕೆ ಬಹಳ ಸಲ ಅದೇ ಅಗ್ಗ. ಮಳೆಗಾಲ ಮುಗಿದ ಕೂಡಲೇ ಬರುವ ವಾರಗಳು ನನಗೆ ಇಷ್ಟ. ಜಲಪಾತದಲ್ಲಿ ನೀರು ತುಂಬಿರುತ್ತದೆ, ಗಾಳಿಯಲ್ಲಿ ಧೂಳಿರುವುದಿಲ್ಲ. ಜೋರು ಮಳೆಯಲ್ಲಿ ಮಾತ್ರ ಬೆಟ್ಟದ ರಸ್ತೆಗೆ ಹೋಗಬೇಡಿ, ಗುಡ್ಡ ಕುಸಿದರೆ ದಾರಿ ದಿನಗಟ್ಟಲೆ ಬಂದ್ ಆಗುತ್ತದೆ.

ಚಳಿಗೆ ಬಟ್ಟೆ ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕ ಇದೆ. 1,000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕೆಳಗೆ 28 ಇದ್ದರೆ 1,500 ಮೀಟರ್ ಮೇಲೆ 18ರ ಆಸುಪಾಸು. 2,500 ಮೀಟರ್‌ಗಿಂತ ಮೇಲೆ ಹೋಗಿ ಮಲಗುವುದಿದ್ದರೆ ತಲೆನೋವು, ವಾಕರಿಕೆ ಬರಬಹುದು. ನಾಲ್ಕು ದಿನದ ಟ್ರಿಪ್‌ನಲ್ಲಿ ಅಷ್ಟು ಎತ್ತರಕ್ಕೆ ಒಂದೇ ದಿನದಲ್ಲಿ ಹೋಗಬೇಡಿ.

ದುಡ್ಡು. ಇದು ಸೂಕ್ಷ್ಮ, ಹಾಗಾಗಿ ಮೊದಲೇ ಮಾತಾಡಿ. ಐದು ಜನರೂ ಸೇರಿರುವಾಗ "ಎಷ್ಟು ಖರ್ಚು ಮಾಡಬಹುದು" ಅಂತ ಕೇಳಬೇಡಿ. ಇಲ್ಲದವರು ಎಲ್ಲರ ಎದುರು ಹೇಳುವುದಿಲ್ಲ, "ಪರವಾಗಿಲ್ಲ, ನೀವು ಹೇಳಿದಷ್ಟು" ಅನ್ನುತ್ತಾರೆ, ಆಮೇಲೆ ಟ್ರಿಪ್ ಪೂರ್ತಿ ಒಳಗೊಳಗೇ ಲೆಕ್ಕ ಹಾಕುತ್ತಾ ಕೂರುತ್ತಾರೆ. ಒಬ್ಬರು ಎಲ್ಲರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿ, ಹೆಚ್ಚೆಂದರೆ ಎಷ್ಟು ಅಂತ ಕೇಳಿಕೊಳ್ಳಲಿ. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಮೊತ್ತ ಯಾವುದೋ ಅದೇ ಎಲ್ಲರ ಬಜೆಟ್. ಯಾರು ಅಷ್ಟು ಹೇಳಿದರು ಅಂತ ಗುಂಪಿಗೆ ತಿಳಿಯಬೇಕಾಗಿಲ್ಲ. ಹಣ ಜಾಸ್ತಿ ಇರುವವರು ಕಡಿಮೆಯಲ್ಲಿ ಖುಷಿಯಾಗಿರಬಹುದು, ಇಲ್ಲದವರು ಜಾಸ್ತಿಯಲ್ಲಿ ಖುಷಿಯಾಗಿರಲು ಆಗಲ್ಲ.

ಆಮೇಲೆ ಒಂದು ಸಾಮಾನ್ಯ ಜೇಬು ಮಾಡಿ. ಹೊರಡುವ ಮೊದಲೇ ಎಲ್ಲರೂ ಸಮಸಮ ಹಾಕಿ, ಒಬ್ಬರ ಕೈಗೆ ಕೊಡಿ. ಇಂಧನ, ಟೋಲ್, ಪಾರ್ಕಿಂಗ್, ರೂಮು, ಒಟ್ಟಿಗೆ ಮಾಡಿದ ಊಟ ಎಲ್ಲ ಆ ಜೇಬಿನಿಂದ. ಒಬ್ಬರೇ ಕೊಂಡುಕೊಂಡಿದ್ದು ಅವರವರ ಜೇಬಿನಿಂದ. ಪ್ರತಿ ಸಲ ಯಾರೋ ಕೊಟ್ಟು ಆಮೇಲೆ ಹಂಚಿಕೊಳ್ಳೋಣ ಅಂದರೆ ನಲವತ್ತು ಸಣ್ಣ ಲೆಕ್ಕ ಆಗುತ್ತದೆ, ಅದರಲ್ಲಿ ನಾಲ್ಕಾದರೂ ಮರೆತುಹೋಗುತ್ತದೆ. ಮರೆತಿದ್ದು ಚಿಕ್ಕ ಮೊತ್ತವೇ ಇರಬಹುದು, ಆದರೆ ಕೊಟ್ಟವರಿಗೆ ನೆನಪಿರುತ್ತದೆ. ಒಟ್ಟು ಬಜೆಟ್‌ನಲ್ಲಿ ಆರನೇ ಒಂದು ಭಾಗವನ್ನು ಬೇರೆ ಲಕೋಟೆಯಲ್ಲಿ ಇಡಿ. ಪಂಕ್ಚರ್, ಔಷಧ, ಒಂದು ರಾತ್ರಿ ಹೆಚ್ಚಿಗೆ ತಂಗಬೇಕಾಗಿ ಬಂದರೆ, ಇಂಥದ್ದಕ್ಕೆ ಮಾತ್ರ. ಮುಟ್ಟದೆ ಉಳಿದರೆ ಕೊನೆಗೆ ವಾಪಸ್ ಹಂಚಿಕೊಳ್ಳಿ.

ಕಾರಿನ ಮಾಲೀಕನ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಅವನ ಟೈರ್ ಸವೆಯುತ್ತದೆ, ಆಯಿಲ್ ಬದಲಾಯಿಸುವ ದಿನ ಹತ್ತಿರ ಬರುತ್ತದೆ, ಘಟ್ಟ ಇಳಿದರೆ ಬ್ರೇಕ್ ಪ್ಯಾಡ್ ತಿನ್ನುತ್ತದೆ, ಮನೆಗೆ ಬಂದ ಮೇಲೆ ಗಾಡಿ ತೊಳೆಯುವುದೂ ಅವನೇ. ಸಾಮಾನ್ಯ ಜೇಬಿಗೆ ಸಮಸಮ ಅಂದೆನಲ್ಲ, ಇದೊಂದು ಬಿಟ್ಟು: ಅವನಿಂದ ಇಂಧನದ ಪಾಲು ತೆಗೆದುಕೊಳ್ಳಬೇಡಿ, ಅದನ್ನು ಉಳಿದ ನಾಲ್ವರು ಹಂಚಿಕೊಳ್ಳಿ. ಅವನು ಬೇಡ ಅಂದರೂ ಹಾಗೇ ಮಾಡಿ. ಗಾಡಿಗೆ ಗೀರು ಬಿದ್ದರೆ, ತಗ್ಗಾದರೆ ಯಾರು ಕೊಡಬೇಕು ಅಂತಲೂ ಹೊರಡುವ ಮೊದಲೇ ತೀರ್ಮಾನ ಆಗಲಿ. ನನ್ನ ಅಭಿಪ್ರಾಯ: ಪಂಕ್ಚರ್, ಕೆಟ್ಟ ರಸ್ತೆಯ ಹಾನಿ ಎಲ್ಲರದ್ದು. ಡ್ರೈವರ್ ಅಜಾಗ್ರತೆಯಿಂದ ಆದ ದಂಡ ಅವರದ್ದೇ. ಇನ್ನೊಬ್ಬರು ಓಡಿಸುವಾಗ ಅಪಘಾತವಾದರೆ ವಿಮೆ ಸಿಗುತ್ತದೋ ಇಲ್ಲವೋ ಅಂತ ಪಾಲಿಸಿ ತೆಗೆದು ನೋಡಿ. ಬಾಡಿಗೆ ಗಾಡಿ ತೆಗೆದುಕೊಳ್ಳುವುದಾದರೆ ಇಬ್ಬರೂ ಡ್ರೈವರ್ ಹೆಸರು ಬರೆಸಿ, ದಿನಕ್ಕೆ ಎಷ್ಟು ಕಿಲೋಮೀಟರ್ ಅನ್ನುವ ಮಿತಿ ಕೇಳಿ, ಗಾಡಿ ಕೈಗೆ ಬಂದ ಕೂಡಲೇ ಸುತ್ತಲೂ ನಿಧಾನವಾಗಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ, ಇಂಧನದ ಮುಳ್ಳು ಸೇರಿಸಿ.

ಓಡಿಸುವ ರೀತಿಯಲ್ಲೂ ಉಳಿತಾಯ ಇದೆ. ಗಾಳಿಯ ತಡೆ ವೇಗದ ವರ್ಗದ ಪ್ರಕಾರ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. 100 ಕಿಲೋಮೀಟರ್ ದೂರಕ್ಕೆ ನಿಮಗೆ ಉಳಿಯುವುದು ಬರೀ 15 ನಿಮಿಷ. ಟಾಪ್ ಮೇಲೆ ಲಗೇಜು ಕಟ್ಟಬೇಡಿ. ದೊಡ್ಡ ಪೆಟ್ಟಿಗೆ ಟಾಪ್ ಮೇಲಿದ್ದರೆ ಗಂಟೆಗೆ 105ರಿಂದ 120ರ ವೇಗದಲ್ಲಿ ಮೈಲೇಜ್ ಶೇಕಡಾ 10ರಿಂದ 25ರಷ್ಟು ಇಳಿಯುತ್ತದೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ತಲೆಗೆ ಒಂದು ಮೆತ್ತನೆ ಬ್ಯಾಗ್, ಅಷ್ಟೇ. ಗಟ್ಟಿ ಸೂಟ್‌ಕೇಸ್ ಡಿಕ್ಕಿಯಲ್ಲಿ ಮೂರು ಹಿಡಿಸಿದರೆ ಮೆತ್ತನೆ ಬ್ಯಾಗ್ ಐದು ಹಿಡಿಸುತ್ತದೆ. ಊರೊಳಗೆ ನಿಧಾನ ಹೋಗುವಾಗ ಕಿಟಕಿ ತೆಗೆಯಿರಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿ.

ಟೈರ್‌ನ ಗಾಳಿ ಹೊರಡುವ ದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿಸಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸ್ಟಿಕರ್ ಇರುತ್ತದೆ. ತುಂಬಿದ ಗಾಡಿಗೆ ಎಷ್ಟು ಗಾಳಿ ಅಂತ ಅದರಲ್ಲಿ ಬೇರೆಯಾಗಿ ಬರೆದಿರುತ್ತಾರೆ, ನಿಮಗೆ ಬೇಕಾದದ್ದು ಅದು. ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯ ಗಾಳಿಯನ್ನೂ ನೋಡಿ, ಮನೆ ಮುಂದೆಯೇ ಒಂದು ಸಲ ಜಾಕ್ ಹಾಕಿ ಚಕ್ರ ಬಿಚ್ಚಿ ಹಾಕಿ. ಕತ್ತಲಲ್ಲಿ ಮಳೆಯಲ್ಲಿ ಮೊದಲ ಸಲ ಕಲಿಯುವ ಕೆಲಸ ಅಲ್ಲ ಅದು.

ಕೊನೆಗೆ ಇಳಿಜಾರಿನ ಮಾತು, ಇದನ್ನು ನಿಮ್ಮ ಇಬ್ಬರೂ ಡ್ರೈವರ್‌ಗಳಿಗೆ ಓದಿ ಹೇಳಿ. ಹೊಸದಾಗಿ ಓಡಿಸುವಾಗ ಒಂದು ಉದ್ದನೆಯ ಘಟ್ಟವನ್ನು ನಾನು ಪೂರ್ತಿ ಬ್ರೇಕ್ ಮೇಲೆಯೇ ಇಳಿಸಿದೆ, ನಾಲ್ಕನೇ ಗೇರ್‌ನಲ್ಲಿ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಬೇರೆ ಯಾವುದೋ ಲಾರಿಯದ್ದು ಅಂದುಕೊಂಡೆ. ಮುಂದಿನ ತಿರುವಿಗೆ ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಬದಿಯ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಹಿಂದಿದ್ದವರು ಯಾರೂ ಕೂಗಲೂ ಇಲ್ಲ, ಅಷ್ಟು ಹೆದರಿದ್ದರು. ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಹೋಗುತ್ತದೆ, ಅದರ ಎಣ್ಣೆ ಕುದಿದರೆ ಪೆಡಲ್ ಪೂರ್ತಿ ಮೆತ್ತಗಾಗುತ್ತದೆ. ಯಾವ ಗೇರ್‌ನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರ್‌ನಲ್ಲಿ ಇಳಿಯಿರಿ, ಎರಡನೆಯದೋ ಮೂರನೆಯದೋ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಟೋಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್ ಹಿಡಿಯಿರಿ. ನ್ಯೂಟ್ರಲ್‌ನಲ್ಲಿ ಇಳಿದರೆ ಇಂಧನ ಉಳಿಯುತ್ತದೆ ಅನ್ನುವವರ ಮಾತು ಕೇಳಬೇಡಿ. ಈಗಿನ ಎಂಜಿನ್‌ಗಳು ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ಹಾಕುವುದನ್ನೇ ನಿಲ್ಲಿಸುತ್ತವೆ. ಕಿರಿದಾದ ದಾರಿಯಲ್ಲಿ ಏರಿ ಬರುವ ಗಾಡಿಗೆ ಮೊದಲು ಜಾಗ ಬಿಡಿ.

ಹಾಗಾದರೆ ನಿಮ್ಮ ನಾಲ್ಕು ದಿನ ಹೀಗಿರಲಿ. ಮೊದಲ ದಿನ ಐದಕ್ಕೆ ಹೊರಟು, ಬೆಟ್ಟ ಶುರುವಾಗುವವರೆಗೆ ಹೆದ್ದಾರಿಯಲ್ಲೇ ಹೋಗಿ, ಅಲ್ಲಿಂದ ಸಣ್ಣ ದಾರಿ ಹಿಡಿಯಿರಿ. ಒಟ್ಟು 250 ಕಿಲೋಮೀಟರ್ ಮೀರಬಾರದು, ಮಧ್ಯಾಹ್ನ ಮೂರಕ್ಕೆ ಗಾಡಿ ನಿಲ್ಲಬೇಕು. ಎರಡನೇ ದಿನ ನದಿಯ ಪಕ್ಕದ ದಾರಿಯಲ್ಲಿ 150, ಸಂಜೆ ಎರಡು ರಾತ್ರಿಯ ಜಾಗಕ್ಕೆ ಸೇರಿಕೊಳ್ಳಿ. ಸಮುದ್ರ ಮತ್ತು ಬೆಟ್ಟ ಎರಡೂ ಒಂದೇ ಟ್ರಿಪ್‌ನಲ್ಲಿ ಬೇಡ, ಅವು ಹತ್ತಿರ ಹತ್ತಿರ ಇಲ್ಲದಿದ್ದರೆ ಒಂದನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ. ಮೂರನೇ ದಿನ ಬ್ಯಾಗ್ ಕಟ್ಟುವುದಿಲ್ಲ. ಪ್ರತಿಯೊಬ್ಬರೂ ನೋಡಲೇಬೇಕು ಅಂದ ಒಂದೊಂದು ಜಾಗ ಬರೆದುಕೊಟ್ಟಿರಲಿ, ಹತ್ತಿರ ಇರುವಷ್ಟನ್ನು ಅವತ್ತು ನೋಡಿ, ಅರ್ಧ ದಿನ ಖಾಲಿ ಬಿಡಿ. ನಾಲ್ಕನೇ ದಿನ ತಿಂಡಿ ಮುಗಿಸಿ ಎಂಟಕ್ಕೆ ಹೊರಟು ಹೆದ್ದಾರಿ ಹಿಡಿದು, ಬೆಳಕಿರುವಾಗಲೇ ಮನೆ ಸೇರಿ. ಕಾರು ಇಳಿಯುವ ಮೊದಲು, ಐವರೂ ಒಟ್ಟಿಗಿರುವಾಗಲೇ, ಸಾಮಾನ್ಯ ಜೇಬಿನ ಲೆಕ್ಕ ಓದಿ, ಲಕೋಟೆ ಬಿಚ್ಚಿ, ಉಳಿದಿದ್ದನ್ನು ಅಲ್ಲೇ ಹಂಚಿಕೊಳ್ಳಿ.